ಎಡಗಡೆಯಿಂದ ಬರುವ ಚೆಂಡು

ಅಲ್ ಅಜೈಬಾ, ಮಸ್ಕತ್
6 ನವೆಂಬರ್ 2024, ಬುಧವಾರ

ಗ್ಲಾಡಿ,

ಹರಿದು ಬಿಸಾಡುವ ಮೊದಲು ಒಮ್ಮೆ ಓದು. ನೀನು ನನ್ನನ್ನು ಫೋನಿನಲ್ಲಿ ಬ್ಲಾಕ್ ಮಾಡಿ ಐದು ತಿಂಗಳಾಯಿತು. ಬೇರೆಯವರ ಫೋನಿನಿಂದ ಮಾಡಿದರೂ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀ. ಅದಕ್ಕೇ ಇಬ್ರಾಕ್ಕೆ ಬರುವ ಕಂಪನಿ ವ್ಯಾನಿನಲ್ಲಿ, ನಿನ್ನ ಅಂಗಡಿಯ ಅಕ್ಕಿ, ಎಣ್ಣೆಯ ಡೆಲಿವರಿ ಚೀಟಿಗಳ ನಡುವೆ ಇದನ್ನಿಟ್ಟು ಕಳಿಸುತ್ತಿದ್ದೇನೆ. ಡ್ರೈವರ್ ಬಾಸಿಲ್ ಲಕೋಟೆ ನೋಡಿ, "ಎಂತ ಮಾರಾಯ, ಈ ಕಾಲದಲ್ಲೂ ಲವ್ ಲೆಟರಾ?" ಅಂದ. ನಕ್ಕ ಹಾಗೆ ಮಾಡಿದೆ.

ಗ್ಲಾಡಿ, ನನಗೆ ಭಯವಾಗುತ್ತಿದೆ. ಲೀಗ್ ಶುರುವಾಗಿ ನಾಲ್ಕು ಮ್ಯಾಚ್ ಆಯಿತು, ನಾಲ್ಕೂ ಸೋತೆವು. ಎಲ್ಲವೂ ನನ್ನಿಂದ. ನೀನು ಹಿಂದಿನಿಂದ ಎತ್ತಿಕೊಟ್ಟ ಚೆಂಡನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಹೊಡೆಯುವವನ ಮುಂದೆ ಇಡುವುದು, ಎಂಟು ವರ್ಷ ಅದೊಂದನ್ನೇ ಮಾಡಿದವನು ನಾನು. ಊರಿನಲ್ಲೂ ಇಲ್ಲಿಯೂ ನನ್ನನ್ನು ಲಿಫ್ಟರ್ ಶ್ರವಣ್ ಅಂತಲೇ ಕರೆಯುತ್ತಿದ್ದರು. ಈಗ ಚೆಂಡು ಎಲ್ಲಿಂದ ಬರುತ್ತದೆ ಅಂತಲೇ ತಿಳಿಯುವುದಿಲ್ಲ. ಒಮ್ಮೆಲೇ ಮೂಗಿನ ಮುಂದೆ ಬಂದು ನಿಲ್ಲುತ್ತದೆ. ಕೈ ಎತ್ತುವಷ್ಟರಲ್ಲಿ ಬೆರಳು ಎರಡು ಸಲ ತಾಗುತ್ತದೆ, ರೆಫ್ರಿ ಸೀಟಿ ಊದುತ್ತಾನೆ. ಕಳೆದ ಶುಕ್ರವಾರ ಅಮೇರಾತ್ ಮೈದಾನದಲ್ಲಿ ಒಂದೇ ಸೆಟ್ಟಿಗೆ ಆರು ಸಲ ಊದಿದ. ನಮ್ಮವರೇ ನಕ್ಕರು.

ಈಗ ಸರ್ವಿಸ್ ಮಾಡುವವನು ಚೆಂಡು ಕೈಯಲ್ಲಿ ಹಿಡಿದ ಕೂಡಲೇ ಚೆಂಡು ನನ್ನ ಕಡೆ ಬಾರದಿರಲಿ ಅಂತ ಬೇಡಿಕೊಳ್ಳುತ್ತೇನೆ. ಲಿಫ್ಟರ್ ಆದವನು ಹಾಗೆ ಬೇಡಿಕೊಳ್ಳುವುದುಂಟಾ?

ನಮ್ಮಿಬ್ಬರನ್ನೂ ಈ ಕಂಪನಿ ಕರೆಸಿದ್ದು ಕಾಗದದಲ್ಲಿ ಗೋಡೌನ್ ಕೆಲಸಕ್ಕೆ, ನಿಜವಾಗಿ ವಾಲಿಬಾಲ್ ಆಡಲಿಕ್ಕೆ. ನನ್ನ ವೀಸಾ ಮಾರ್ಚ್‌ನಲ್ಲಿ ಮುಗಿಯುತ್ತದೆ. ಮ್ಯಾನೇಜರ್ ಸುಮಿತಣ್ಣ ನಿನ್ನೆ ಚಾಯ ಕುಡಿಯುತ್ತಾ, "ಆಡದವರನ್ನು ಇಟ್ಕೊಂಡು ನಾನು ಮೇಲಿನವರಿಗೆ ಎಂತ ಹೇಳ್ಲಿ?" ಅಂದರು. ಮಗಳು ತೃಷಾ ಈ ವರ್ಷ ಯುಕೆಜಿಗೆ ಸೇರಿದ್ದಾಳೆ. ಅವಳಮ್ಮ ಯಶ್ಮಿತಾಗೆ ನಾನು ಏನೂ ಹೇಳಿಲ್ಲ.

ನನ್ನ ಹಿಂದೆ ನೀನಿದ್ದರೆ ಹೀಗಾಗುತ್ತಿರಲಿಲ್ಲ. ಉತ್ತರ ಬರೆಯುತ್ತೀಯಾ?

ಶ್ರವಣ್

*

ಅಲ್ ಅಜೈಬಾ
24 ನವೆಂಬರ್, ಭಾನುವಾರ

ಗ್ಲಾಡಿ,

ವ್ಯಾನ್ ಐದು ಸಲ ಹೋಗಿ ಬಂತು. ಪ್ರತಿಸಲ ಬಾಸಿಲ್ ತಲೆ ಅಲ್ಲಾಡಿಸುತ್ತಾನೆ. ನೀನು ಕಾಗದವನ್ನು ಶರ್ಟಿನ ಜೇಬಿಗೆ ಹಾಕಿಕೊಂಡೆ ಅಂತ ಅವನೇ ಹೇಳಿದ. ಹರಿದಿಲ್ಲ ಅಂತ ಅಷ್ಟಾದರೂ ಗೊತ್ತಾಯಿತು.

ಮೊದಲ ಕಾಗದದಲ್ಲಿ ನಾನು ಹೇಳಬೇಕಾದ್ದನ್ನು ಹೇಳಲಿಲ್ಲ. ಜೂನ್‌ನಲ್ಲಿ ಸುಮಿತಣ್ಣ ನನ್ನನ್ನು ಆಫೀಸಿಗೆ ಕರೆದು, "ಕ್ಯಾಪ್ಟನ್ ನೀನು, ಸತ್ಯ ಹೇಳು, ಗ್ಲಾಡ್ವಿನ್ ಇನ್ನೊಂದು ಸೀಸನ್ ಆಡ್ತಾನಾ?" ಅಂತ ಕೇಳಿದರು. ನಿನ್ನ ಬಲ ಭುಜ ಹೋಗಿದೆ, ಬೆಳಿಗ್ಗೆ ಹಲ್ಲುಜ್ಜಲಿಕ್ಕೂ ಕೈ ಮೇಲಕ್ಕೆ ಬರುವುದಿಲ್ಲ ಅಂತ ನಾನು ಹೇಳಿದೆ. ಅದನ್ನು ನೀನು ನನ್ನೊಬ್ಬನಿಗೆ ಹೇಳಿದ್ದೆ. ಮುಂದಿನ ವಾರವೇ ನಿನ್ನನ್ನು ಇಬ್ರಾದ ಅಂಗಡಿಗೆ ಹಾಕಿದರು. ನೀನು ಬ್ಯಾಗ್ ಕಟ್ಟುವಾಗ ನಾನು ಬಾಗಿಲಲ್ಲಿ ನಿಂತು ಹವಾಮಾನದ ಬಗ್ಗೆ ಮಾತಾಡಿದೆ. ತಪ್ಪಾಯಿತು ಗ್ಲಾಡಿ. ಬುದ್ಧಿ ಬಂದ ಮೇಲೆ ಇಷ್ಟು ನಾಚಿಕೆ ನನಗೆ ಇನ್ನೊಂದಕ್ಕೆ ಆಗಿಲ್ಲ.

ನಿನ್ನ ಜಾಗಕ್ಕೆ ಸಾಗರ್ ಬಂದಿದ್ದಾನೆ, ಮೈಸೂರಿನ ಹುಡುಗ. ಹುಲಿಯ ಹಾಗೆ ಬಿದ್ದು ಎತ್ತುತ್ತಾನೆ. ಎಲ್ಲರೂ ಅವನನ್ನು ಹೊಗಳುತ್ತಾರೆ, ನನ್ನನ್ನು ಬೈಯುತ್ತಾರೆ. ಅಷ್ಟು ಒಳ್ಳೆಯ ಪಾಸ್ ನನಗೆ ಮಾತ್ರ ಯಾಕೆ ಕೈಗೆ ಸಿಗುವುದಿಲ್ಲ ಅಂತ ಯಾರ ಹತ್ತಿರ ಕೇಳಲಿ? ಮೊನ್ನೆಯದೂ ಸೋತೆವು.

ಬೈದಾದರೂ ಬರೆ.

ಶ್ರವಣ್

*

ಇಬ್ರಾ
27 ನವೆಂಬರ್, ಬುಧವಾರ

ಶ್ರವಣ್,

ಇವತ್ತು ಇಲ್ಲಿ ಹೆಂಗಸರ ಸೂಕ್, ಅವರದೇ ಸಂತೆ. ಆ ಕಡೆ ಗಂಡಸರು ಹೋಗುವ ಹಾಗಿಲ್ಲ. ಬಾಸಿಲ್ ವ್ಯಾನನ್ನು ಸುತ್ತು ಹಾಕಿ ತರುವಷ್ಟರಲ್ಲಿ ನನಗೆ ಅರ್ಧ ಗಂಟೆ ಸಿಗುತ್ತದೆ. ಅಷ್ಟರಲ್ಲಿ ಬರೆಯುತ್ತಿದ್ದೇನೆ.

ನಿನಗೆ ಭಯ ಅಂತ ಓದಿದಾಗ ನನಗೆ ಸ್ವಲ್ಪ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ. ಐದು ತಿಂಗಳಿಂದ ನಾನು ಇಲ್ಲಿ ಸಕ್ಕರೆ ಮೂಟೆ ಹೊತ್ತು ಇಳಿಸುತ್ತಿದ್ದೇನೆ, ಅದೂ ಹೋದ ಭುಜದಲ್ಲಿ. ಕ್ಷಮಿಸಿದೆ ಅಂತ ಬರೆಯಲಿಕ್ಕೆ ಕೈ ಬರುವುದಿಲ್ಲ. ಸದ್ಯಕ್ಕೆ ಅದು ಅಲ್ಲೇ ಇರಲಿ.

ಸಾಗರ್‌ಗೆ ಎರಡು ಮಾತು ಹೇಳು. ಒಂದು, ಪಾಸನ್ನು ಚಪ್ಪಟೆಯಾಗಿ ಕೊಡಬಾರದು. ಎತ್ತರಕ್ಕೆ ಕೊಡಬೇಕು, ನಿನ್ನ ಮೈಮೇಲೆ ಅಲ್ಲ, ನಿನ್ನ ಮುಖದ ಎದುರಿಗೆ ಒಂದು ಮಾರು ದೂರದಲ್ಲಿ ಇಳಿಯಬೇಕು. ಇನ್ನೊಂದು, ಚೆಂಡು ಕೈಗೆ ತಾಗುವಾಗ ಗಟ್ಟಿಯಾಗಿ ಕೂಗಬೇಕು. ಯಾಕೆ ಅಂತ ಕೇಳಬೇಡ. ಹಾಗೆ ಮಾಡಿ ನೋಡು.

ಗ್ಲಾಡ್ವಿನ್

*

ಅಲ್ ಅಜೈಬಾ
15 ಡಿಸೆಂಬರ್, ಭಾನುವಾರ

ಗ್ಲಾಡಿ, ಗ್ಲಾಡಿ, ಗ್ಲಾಡಿ,

ಮೂರು ಗೆದ್ದೆವು! ಮೂರೂ ನೇರ ಸೆಟ್ಟಿನಲ್ಲಿ. ಸಾಗರ್‌ಗೆ ನೀನು ಹೇಳಿದಂತೆ ಹೇಳಿದೆ. "ಕೂಗ್ಬೇಕಾ ಅಣ್ಣ? ನಂಗೆ ನಾಚ್ಕೆ ಆಗುತ್ತೆ" ಅಂದ. ಒಂದು ಸೆಟ್ ಆದ ಮೇಲೆ ನಾಚಿಕೆ ಬಿಟ್ಟು ಮೈದಾನ ಕಿತ್ತು ಹೋಗುವ ಹಾಗೆ ಕೂಗಿದ. ಹಿಂದೆ ನೀನು ಪ್ರತಿ ಪಾಸಿಗೂ ತುಳುವಿನಲ್ಲಿ "ಬತ್ತ್ಂಡ್!", ಬಂತು ಬಂತು ಅಂತ ಬೊಬ್ಬೆ ಹಾಕುತ್ತಿದ್ದಾಗ, ಇವನಿಗೆ ಬಾಯಿ ಮುಚ್ಚಲಿಕ್ಕೆ ಆಗುವುದಿಲ್ಲ ಅಂತ ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ಅದರಲ್ಲಿ ಎಂತ ಮಂತ್ರ ಉಂಟು ಮಾರಾಯ?

ಸುಮಿತಣ್ಣ ನನ್ನ ಬೆನ್ನು ತಟ್ಟಿ, "ನಿಂಗೆ ಸರಿಯಾದ ಸಪೋರ್ಟ್ ಇರ್ಲಿಲ್ಲ, ಅಷ್ಟೇ. ಲಿಫ್ಟರ್ ಹಾಳಾಗಿರ್ಲಿಲ್ಲ" ಅಂದರು. ಅದನ್ನು ಕೇಳಿ ನನಗೆ ಅಳು ಬಂತು. ಮುಂದಿನ ಎರಡು ಗೆದ್ದರೆ ಜನವರಿ ಮೂವತ್ತೊಂದಕ್ಕೆ ಫೈನಲ್. ಫೈನಲ್‌ವರೆಗೆ ಹೋದರೆ ವೀಸಾದ ಬಗ್ಗೆ ತಾನೇ ಮಾತಾಡುತ್ತೇನೆ ಅಂದಿದ್ದಾರೆ.

ನಿನ್ನನ್ನು ವಾಪಸ್ ಕರೆಸಿ ಅಂತ ನಾನೇ ಕೇಳಿದೆ. ಅದೂ ಆಗಬಹುದು. ಸಾಗರ್ ಹತ್ತಕ್ಕೆ ಆರು ಸರಿಯಾಗಿ ಕೊಡುತ್ತಾನೆ. ಉಳಿದ ನಾಲ್ಕು ಬರುವಾಗ ಈಗಲೂ ಜೀವ ಬಾಯಿಗೆ ಬರುತ್ತದೆ.

ಗೋಡೌನಿನಲ್ಲಿ ಮಾತ್ರ ಒಂದು ಕಿರಿಕಿರಿ ಆಯಿತು. ಫೋರ್ಕ್‌ಲಿಫ್ಟ್ ಓಡಿಸುವವನು ಊರಿಗೆ ಹೋಗಿದ್ದಾನೆ, ಒಂದೂವರೆ ತಿಂಗಳಿಂದ ನಾನೇ ಓಡಿಸುತ್ತಿದ್ದೇನೆ. ಗುರುವಾರ ಹಿಟ್ಟಿನ ಮೂಟೆ ಎತ್ತಿ ತಿರುಗಿಸುವಾಗ, ಸ್ಟಾಕ್ ಬರೆಯುವ ಅಮೀನತ್ ಎಡಗಡೆ ರ‍್ಯಾಕಿನ ಹತ್ತಿರ ನಿಂತಿದ್ದಳು. ನನಗೆ ಕಾಣಲೇ ಇಲ್ಲ. ಅವಳು ಕಿರುಚಿದ ಮೇಲೆ ನಿಲ್ಲಿಸಿದೆ. ಅವಳಿಗೂ ನನ್ನ ಗಾಡಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಅಲ್ಲಿ ಲೈಟು ಸರಿಯಿಲ್ಲ, ನಾಲ್ಕು ಸಲ ಕಂಪ್ಲೇಂಟ್ ಕೊಟ್ಟಾಗಿದೆ. ಅವಳು ಈಗ ನನ್ನ ಹತ್ತಿರ ಮಾತಾಡುವುದಿಲ್ಲ.

ಅದು ಬಿಡು. ನಿನಗೆ ಋಣಿ.

ಶ್ರವಣ್

*

ಇಬ್ರಾ
18 ಡಿಸೆಂಬರ್, ಬುಧವಾರ

ಶ್ರವಣ್,

ಭಾನುವಾರ ನಿನ್ನ ಕಾಗದ ಓದಿ ಹತ್ತೇ ನಿಮಿಷಕ್ಕೆ ಫೋನ್ ಮಾಡಿದೆ. ನಿನ್ನ ದನಿ ಕೇಳಿದ ಮೇಲೆ "ಫೋರ್ಕ್‌ಲಿಫ್ಟ್ ಹತ್ಬೇಡ, ಕಾಗದ ಬರ್ತದೆ" ಅಂತ ಅಷ್ಟು ಮಾತ್ರ ಹೇಳಿ ಇಟ್ಟೆ. ನೀನು ನಗುತ್ತಿದ್ದೆ. ಈಗ ನಗಬೇಡ, ಕೂತು ಓದು.

ಬಲಗಣ್ಣನ್ನು ಅಂಗೈಯಿಂದ ಮುಚ್ಚು. ಎಡಗಣ್ಣಿನಲ್ಲಿ ಎದುರಿನ ಗೋಡೆಯ ಒಂದೇ ಚುಕ್ಕೆಯನ್ನು ನೋಡು, ಕಣ್ಣು ಆಡಿಸಬೇಡ. ಯಾರನ್ನಾದರೂ ಎಡಗಡೆ ನಿಲ್ಲಿಸಿ, ನಿಧಾನವಾಗಿ ಮುಂದೆ ಬರಲು ಹೇಳು. ಎಲ್ಲಿಗೆ ಬಂದಾಗ ಕಾಣುತ್ತಾರೆ ಅಂತ ನೋಡು.

ನಾಲ್ಕು ವರ್ಷದ ಹಿಂದೆ ಬರ್ಕಾದ ಟೂರ್ನಮೆಂಟಿನಲ್ಲಿ ಬ್ಲಾಕಿಗೆ ಹಾರಿದ ನಿನ್ನ ಎಡಗಣ್ಣಿಗೆ ಚೆಂಡು ಬಡಿದದ್ದು ನೆನಪುಂಟಾ? ಒಂದು ವಾರ ಕಣ್ಣು ಕೆಂಪಗಿತ್ತು, ಆಮೇಲೆ ಸರಿಯಾಯಿತು ಅಂತ ನೀನೂ ಮರೆತೆ, ನಾವೂ ಮರೆತೆವು. ಲಿಫ್ಟರ್ ನೆಟ್ಟಿಗೆ ಬಲಭುಜ ಕೊಟ್ಟು ನಿಲ್ಲುತ್ತಾನೆ. ಹಿಂದಿನಿಂದ ಬರುವ ಪಾಸ್ ಎಲ್ಲ ಅವನ ಎಡಗಡೆಯಿಂದಲೇ ಬರಬೇಕು. ಆ ಕಡೆಯಿಂದ ಬಂದ ಚೆಂಡು ನಿನಗೆ ತಡವಾಗಿ ಕಾಣುತ್ತದೆ ಅಂತ ಮರುವರ್ಷವೇ ನನಗೆ ಅನಿಸಿತು. ಅದಕ್ಕೇ ಎತ್ತರಕ್ಕೆ, ನಿನ್ನ ಮುಖದೆದುರಿಗೆ ಕೊಡಲು ಕಲಿತೆ. ಕೂಗಲು ಕಲಿತೆ. ಎಡಗಣ್ಣಿನಲ್ಲಿ ಏನೋ ಉಂಟು. ಸಾಗರನ ತಪ್ಪಲ್ಲ, ನಿನ್ನ ಬೆರಳಿನದ್ದೂ ಅಲ್ಲ, ಗೋಡೌನಿನ ಲೈಟಿನದ್ದಂತೂ ಅಲ್ಲವೇ ಅಲ್ಲ.

ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗು. ಅಮೀನತ್ ಬದುಕಿದ್ದಾಳೆ ಅಂತ ಮೂರು ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆದರೂ ಆ ಒಂದು ಗೇಣು ಜಾಗ ತಲೆಯಿಂದ ಹೋಗುವುದಿಲ್ಲ.

ಗ್ಲಾಡ್ವಿನ್

*

ಅಲ್ ಅಜೈಬಾ
22 ಡಿಸೆಂಬರ್, ಭಾನುವಾರ

ಗ್ಲಾಡಿ,

ಮಾಡಿದೆ. ಯಶ್ಮಿತಾ ಸಾಮಾನು ತರಲು ಲುಲು ಅಂಗಡಿಗೆ ಹೋದಾಗ ತೃಷಾಳನ್ನು ಕರೆದು, ಆಟ ಆಡುವ, ಪಪ್ಪನ ಎಡಗಡೆ ನಿಲ್ಲು ಅಂದೆ. ಬಲಗಣ್ಣು ಮುಚ್ಚಿದೆ. ಕ್ಯಾಲೆಂಡರಿನ ಒಂದು ಅಂಕೆಯನ್ನು ನೋಡಿದೆ. ಮಗು ಇಲ್ಲ. ಹತ್ತಿರ ಬಾ ಅಂದೆ, ಇಲ್ಲ. ಇನ್ನೂ ಹತ್ತಿರ ಬಾ ಅಂದೆ. "ಪಪ್ಪಾ, ಐ ಆ್ಯಮ್ ಹಿಯರ್ ಓನ್ಲಿ!" ಅಂತ ಅವಳು ನಕ್ಕಾಗ ಅವಳ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ಕಾಣುತ್ತಿರಲಿಲ್ಲ. ನನ್ನ ಮಗಳು ನನಗೆ ಕಾಣುತ್ತಿರಲಿಲ್ಲ. ಕೈ ತೆಗೆದು ತಿರುಗಿದರೆ ಅಲ್ಲೇ ಇದ್ದಳು. "ಅಗೇನ್!" ಅಂದಳು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಕೂತೆ.

ಇಷ್ಟು ಭಯ ನನಗೆ ಹುಟ್ಟಿದಂದಿನಿಂದ ಆಗಿಲ್ಲ. ಈಗ ಎಲ್ಲಿ ನಡೆದರೂ ಎಡಗಡೆ ಯಾರೋ ಇದ್ದ ಹಾಗೆ ತಿರುಗಿ ತಿರುಗಿ ನೋಡುತ್ತೇನೆ. ಅಮೇರಾತ್ ಗುಡ್ಡದ ರಸ್ತೆ ಇಳಿಯುವಾಗ ಎಡಗಡೆ ಕಮರಿ ಅಂತ ನೆನಪಾಗಿ, ಸಾಗರನ ಕೈಗೆ ಕಾರಿನ ಕೀ ಕೊಟ್ಟೆ. ಬೆನ್ನುನೋವು ಅಂತ ಹೇಳಿ ಫೋರ್ಕ್‌ಲಿಫ್ಟ್ ಬಿಟ್ಟಿದ್ದೇನೆ. ಅಷ್ಟನ್ನು ಮಾಡಿದ್ದೇನೆ.

ಡಾಕ್ಟರ ಹತ್ತಿರ ಈಗ ಹೋಗುವುದಿಲ್ಲ. ಹೋದರೆ ಕಾಗದದಲ್ಲಿ ಬರೆಯುತ್ತಾರೆ. ಬರೆದದ್ದು ಸುಮಿತಣ್ಣನಿಗೆ ಗೊತ್ತಾದರೆ ಟೀಮೂ ಇಲ್ಲ, ಗೋಡೌನೂ ಇಲ್ಲ, ಮಾರ್ಚ್‌ನಲ್ಲಿ ಮೂವರಿಗೂ ಟಿಕೆಟ್. ಮಾರ್ಚ್ ಮುಗಿಯಲಿ, ಹೋಗುತ್ತೇನೆ.

ಒಳ್ಳೆಯ ಸುದ್ದಿ ಕೇಳು. ಸುಮಿತಣ್ಣ ಒಪ್ಪಿದರು. ಜನವರಿ ಮೊದಲ ವಾರ ನೀನು ಅಜೈಬಾಕ್ಕೆ ವಾಪಸ್. ನೀನು ಹಿಂದೆ ನಿಂತರೆ ಹತ್ತಕ್ಕೆ ಹತ್ತೂ ನನ್ನ ಮುಖದೆದುರಿಗೇ ಬರುತ್ತದೆ. ಭುಜ ನೋಯುತ್ತದೆ ಅಂತ ಗೊತ್ತು. ಆರೇ ವಾರ. ಮೂರು ವರ್ಷ ಯಾರಿಗೂ ಗೊತ್ತಾಗದ ಹಾಗೆ ನಡೆಸಿದ್ದೀ, ಇನ್ನು ಆರು ವಾರ ನಡೆಸಲಿಕ್ಕೆ ಆಗುವುದಿಲ್ಲವಾ?

ಒಂದು ಕೇಳುತ್ತೇನೆ. ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ? ನನಗೆ ಹೆದರಿಕೆಯಾದೀತು ಅಂತ ತಾನೇ?

ಬಾ ಗ್ಲಾಡಿ.

ಶ್ರವಣ್

*

ಇಬ್ರಾ
1 ಜನವರಿ 2025, ಬುಧವಾರ

ಶ್ರವಣ್,

ನಾನು ಬರುವುದಿಲ್ಲ. ಸುಮಿತ್ ಫೋನ್ ಮಾಡಿದ್ದರು, ಅವರಿಗೂ ಹೇಳಿದೆ.

ಅಜೈಬಾಕ್ಕೆ ವಾಪಸ್ ಹೋಗಬೇಕು ಅಂತ ನಾನು ಆರು ತಿಂಗಳಿಂದ ದಿನಾ ಬೇಡಿಕೊಂಡವನು. ಹಾಗಾಗಿ ಇದನ್ನು ಬರೆಯಲಿಕ್ಕೆ ಎಷ್ಟು ಕಷ್ಟವಾಯಿತು ಅಂತ ನಿನಗೆ ತಿಳಿದೀತು. ಮೂರು ಸಲ ಬರೆದು ಹರಿದೆ.

ನಾನು ಬಂದರೆ ನೀನು ಗೆಲ್ಲುತ್ತೀ. ಅದರಲ್ಲಿ ನನಗೆ ಸಂಶಯವಿಲ್ಲ. ಫೈನಲ್ ಗೆಲ್ಲುತ್ತೀ, ವೀಸಾ ಆಗುತ್ತದೆ, ಆಮೇಲೆ ಇನ್ನೊಂದು ಲೀಗ್ ಅನ್ನುತ್ತೀ, ಕಣ್ಣಿನ ವಿಷಯ ಮುಂದೆ ನೋಡುವ ಅನ್ನುತ್ತೀ. ಒಂದು ದಿನ ಆ ಕಣ್ಣು ಪೂರ್ತಿ ಹೋಗುತ್ತದೆ. ಆಗಲೂ ನಾನು ನಿನ್ನ ಹಿಂದೆ ನಿಂತು ಕೂಗುತ್ತಲೇ ಇರುತ್ತೇನೆ.

ನಿನಗೆ ಹೆದರಿಕೆಯಾದೀತು ಅಂತ ನಾನು ಸುಮ್ಮನಿದ್ದದ್ದಲ್ಲ. ಹಾಗಂತ ನೀನೇ ಬರೆದುಕೊಟ್ಟಿದ್ದೀ, ಹೌದು ಅಂದುಬಿಟ್ಟರೆ ಮುಗಿಯಿತು. ಆದರೆ ಅದು ಸುಳ್ಳು. ನಿನ್ನ ಕಣ್ಣಿನ ವಿಷಯ ತಿಳಿದ ವರ್ಷವೇ ನನ್ನ ಭುಜ ಹೋಗಲು ಶುರುವಾಗಿತ್ತು. ಹೊಸ ಹುಡುಗರು ಬರುತ್ತಿದ್ದರು. ಆದರೆ ಬೇರೆ ಯಾರು ಪಾಸ್ ಕೊಟ್ಟರೂ ನಿನಗೆ ಆಡಲಿಕ್ಕೆ ಆಗುತ್ತಿರಲಿಲ್ಲ, ನನ್ನದಾದರೆ ಮಾತ್ರ ಆಗುತ್ತಿತ್ತು. ಗ್ಲಾಡ್ವಿನ್ ಇಲ್ಲದಿದ್ದರೆ ಶ್ರವಣ್ ಇಲ್ಲ ಅಂತ ಎಲ್ಲರೂ ಹೇಳುವಾಗ ನನಗೆ ಒಳಗೊಳಗೇ ಧೈರ್ಯ ಬರುತ್ತಿತ್ತು. ನೀನು ಡಾಕ್ಟರ ಹತ್ತಿರ ಹೋಗಿ ಸರಿಯಾಗಿಬಿಟ್ಟರೆ ನಾನು ಯಾರಿಗೆ ಬೇಕು? ಎಷ್ಟೋ ಸಲ ಹೇಳಲು ಬಾಯಿ ತೆರೆದದ್ದುಂಟು. ಮುಂದಿನ ತಿಂಗಳು ಹೇಳುವ ಅಂತ ಬಾಯಿ ಮುಚ್ಚಿದೆ. ಮೂರು ವರ್ಷ ಹೀಗೇ ಹೋಯಿತು.

ನೀನು ನನ್ನ ಭುಜದ ವಿಷಯ ಸುಮಿತ್‌ಗೆ ಹೇಳಿದ್ದು ತಿಳಿದಾಗ ನಾನು ನಿನ್ನನ್ನು ದ್ರೋಹಿ ಅಂದೆ. ಆ ಮಾತು ಹೇಳುವಾಗಲೂ ನಿನ್ನ ಕಣ್ಣಿನ ವಿಷಯ ನನ್ನ ಹೊಟ್ಟೆಯಲ್ಲಿತ್ತು.

ಇನ್ನೊಂದು ಕೆಲಸ ಮಾಡಿದ್ದೇನೆ. ಇವತ್ತು ಬೆಳಿಗ್ಗೆ ಯಶ್ಮಿತಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಮೀನತ್ ವಿಷಯವನ್ನೂ ಹೇಳಿದೆ. ಈ ಕಾಗದ ನಿನ್ನ ಕೈಗೆ ಬರುವಾಗ ಅವಳು ಗೇಟಿನ ಹೊರಗೆ ನಿಂತಿರುತ್ತಾಳೆ. ಅವಳ ಜೊತೆ ಹೋಗು.

ಗ್ಲಾಡ್ವಿನ್

*

ಅಲ್ ಅಜೈಬಾ
2 ಫೆಬ್ರವರಿ 2025, ಭಾನುವಾರ

ಗ್ಲಾಡಿ,

ಇನ್ನು ನಿನಗೆ ಬರೆಯಬಾರದು ಅಂತ ಒಂದು ತಿಂಗಳು ಹಟ ಹಿಡಿದೆ. ನಿನ್ನ ಕಾಗದವನ್ನು ಗೋಡೌನಿನ ಮೆಟ್ಟಿಲಲ್ಲಿ ಕೂತು ಓದಿದೆ. ಆಗ ನೀನು ಎದುರಿಗೆ ಸಿಕ್ಕಿದ್ದರೆ ನಿನ್ನ ಇನ್ನೊಂದು ಭುಜವನ್ನೂ ಮುರಿಯುತ್ತಿದ್ದೆ.

ಯಶ್ಮಿತಾ ಗೇಟಿನಲ್ಲಿ ನಿಂತಿದ್ದಳು. ಅತ್ತಿರಲಿಲ್ಲ. "ಖಲಾಸ್. ಎಂತದೂ ಮಾತಾಡ್ಬೇಡಿ, ಟ್ಯಾಕ್ಸಿ ಹತ್ತಿ" ಅಂದಳು. ಹತ್ತಿದೆ.

ಡಾಕ್ಟರ್ ಎಲಿಜಬೆತ್ ಅಂತ, ವಯಸ್ಸಾದವರು. ಎರಡು ಗಂಟೆ ಪರೀಕ್ಷೆ ಮಾಡಿದರು. ಆ ಪೆಟ್ಟಿನಿಂದ ಕಣ್ಣಿನೊಳಗಿನ ನೀರು ಹೊರಗೆ ಹೋಗುವ ದಾರಿ ಕೆಟ್ಟಿದೆಯಂತೆ. ನೋವಿಲ್ಲದೆ ಒತ್ತಡ ಏರುತ್ತಾ ಬಂದು ಅಂಚಿನಿಂದ ದೃಷ್ಟಿ ತಿಂದಿದೆಯಂತೆ. ಹೋದದ್ದು ಹೋಯಿತು, ವಾಪಸ್ ಬರುವುದಿಲ್ಲ. ಉಳಿದದ್ದನ್ನು ಉಳಿಸಲಿಕ್ಕೆ ದಿನಾ ಹನಿ ಹಾಕಬೇಕು. ಬಲಗಣ್ಣು ಚೆನ್ನಾಗಿದೆ. ಆಡಬಹುದಾ ಅಂತ ಕೇಳಿದೆ. ಕಣ್ಣು ಕಾಯುವ ಗಟ್ಟಿ ಕನ್ನಡಕ ಹಾಕಿಕೊಂಡು ಆಡಬಹುದು, ಯಂತ್ರ ಓಡಿಸುವುದು ಬೇಡವೇ ಬೇಡ ಅಂದರು.

ಮರುದಿನ ನಾನೇ ಸುಮಿತಣ್ಣನ ಎದುರು ಹೋಗಿ ನಿಂತೆ. ಡಾಕ್ಟರ ಕಾಗದವನ್ನು ಅವರ ಮೇಜಿನ ಮೇಲಿಟ್ಟೆ. ಆಮೇಲೆ ಅಮೀನತ್ ಹತ್ತಿರ ಹೋದೆ. ಹೇಳಿ ಮುಗಿಸುವವರೆಗೂ ಕೇಳಿದಳು. "ಈಗ್ಲೂ ಆ ಗಾಡಿಯ ಶಬ್ದ ಕೇಳಿದ್ರೆ ನಾನು ಓಡಿ ಹೋಗಿ ಗೋಡೆಗೆ ಒತ್ತಿ ನಿಲ್ತೇನೆ" ಅಂದಳು. ಕ್ಷಮಿಸಿದೆ ಅನ್ನಲಿಲ್ಲ. ಕೊನೆಗೆ ಟೀಮಿನವರಿಗೆ ಹೇಳಿದೆ. ಸಾಗರ್, "ಹಂಗಾದ್ರೆ ಇನ್ನೂ ಜೋರಾಗ್ ಕೂಗ್ತೀನಿ ಬಿಡಿ ಅಣ್ಣ" ಅಂದ.

ಮೊನ್ನೆ ಶುಕ್ರವಾರ ಫೈನಲ್ ಆಡಿದೆ. ಉಳಿದ ಐದೂ ಜನ ಕೂಗುತ್ತಿದ್ದರು, ನೋಡುವವರಿಗೆ ನಾವು ಹುಚ್ಚರ ಹಾಗೆ ಕಂಡಿರಬೇಕು. ಮೊದಲ ಸೆಟ್ ಗೆದ್ದೆವು. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಲಿಫ್ಟ್ ಮಾಡಿಲ್ಲ. ಎರಡನೆಯದರಲ್ಲಿ ಆ ಕಡೆಯವರಿಗೆ ವಿಷಯ ತಿಳಿಯಿತು, ಬೇಕೆಂದೇ ಸಾಗರನನ್ನು ಮೂಲೆಗೆ ತಳ್ಳಿ ಸರ್ವಿಸ್ ಹಾಕಿದರು. ಪಾಸ್ ಚಪ್ಪಟೆಯಾಗಿ ಬರತೊಡಗಿತು. ಉಳಿದ ಎರಡೂ ಸೆಟ್ ಸೋತೆವು. ವೀಸಾದ ಮಾತೆತ್ತಿದರೆ ಸುಮಿತಣ್ಣ, "ಮಾರ್ಚ್ ಬರ್ಲಿ, ನೋಡುವ" ಅನ್ನುತ್ತಾರೆ. ಸದ್ಯಕ್ಕೆ ಬಿಲ್ಲಿಂಗ್ ಕೌಂಟರಿನಲ್ಲಿ ಕೂರಿಸಿದ್ದಾರೆ. ಭಯ ಹೋಗಿಲ್ಲ ಗ್ಲಾಡಿ. ಯಶ್ಮಿತಾಗೂ ಭಯ. ಈಗ ಇಬ್ಬರೂ ಅದರ ಬಗ್ಗೆ ಮಾತಾಡುತ್ತೇವೆ.

ಇಷ್ಟನ್ನು ಬರೆಯಲಿಕ್ಕೆ ಹಟ ಬಿಡಬೇಕಾಗಿರಲಿಲ್ಲ. ಬಿಟ್ಟದ್ದು ಬೇರೆ ಕಾರಣಕ್ಕೆ. ಡಾಕ್ಟರ್ ಕಾಗದ ತುಂಬಿಸುವಾಗ ತಲೆಯೆತ್ತಿ, ಎರಡು ವರ್ಷ ಮೊದಲು ಬಂದಿದ್ದರೆ ಹೆಚ್ಚಿನದ್ದು ಉಳಿಯುತ್ತಿತ್ತು ಅಂದರು. ಆಮೇಲೆ, ದಿನಾ ಜೊತೆಯಲ್ಲಿ ಆಡುವವರಿದ್ದಾರಲ್ಲ, ಒಬ್ಬರೂ ಗಮನಿಸಲಿಲ್ಲವೇ ಅಂತ ಕೇಳಿದರು. ಯಶ್ಮಿತಾ ನನ್ನ ಮುಖ ನೋಡಿದಳು.

ಇಲ್ಲ, ಯಾರೂ ಗಮನಿಸಲಿಲ್ಲ ಅಂದೆ.

ಯಾಕೆ ಹಾಗೆ ಹೇಳಿದೆ ಅಂತ ಒಂದು ತಿಂಗಳಿಂದ ಯೋಚಿಸುತ್ತಿದ್ದೇನೆ, ತಿಳಿಯುತ್ತಿಲ್ಲ. ಶುಕ್ರವಾರ ಬಸ್ಸು ಹತ್ತಿ ಬಾ. ನಿನ್ನನ್ನು ನೋಡಿದರೆ ಬೈಯುತ್ತೇನೋ ತಬ್ಬಿಕೊಳ್ಳುತ್ತೇನೋ ಗೊತ್ತಿಲ್ಲ. ನನ್ನ ಬಲಗಡೆಯಿಂದ ಬಾ. ನೀನು ಬರುವುದು ನನಗೆ ಕಾಣಬೇಕು.

ಶ್ರವಣ್